ಹಳೆಯ ಬೈಕಿನಲ್ಲಿ ಗೇರ್ ಸರಿಯಾಗಿ ಬೀಳದಿದ್ದರೆ: ಬಾಕ್ಸ್ ಬಿಚ್ಚುವ ಮೊದಲು ನೋಡಬೇಕಾದದ್ದು

ನನ್ನ ಹಳೆಯ ಬೈಕಿನಲ್ಲಿ ಒಮ್ಮೆ ಒಂದನೇ ಗೇರ್ ಹಾಕಿದಾಗಲೆಲ್ಲ ಕರ್ರ್ ಎಂದು ಸದ್ದು ಬರತೊಡಗಿತು. ನಿಂತಲ್ಲಿ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಒಳಗೆ ಏನೋ ಸವೆದಿದೆ ಅಂತ ತೀರ್ಮಾನಿಸಿ ಗೇರ್ ಬಾಕ್ಸ್ ಪೂರ್ತಿ ಬಿಚ್ಚಿದೆ. ಎರಡು ದಿನ ಹಿಡಿಯಿತು. ಒಳಗಿದ್ದ ಎಲ್ಲವೂ ಚೆನ್ನಾಗಿಯೇ ಇತ್ತು. ವಾಪಸ್ ಜೋಡಿಸಿ ಓಡಿಸಿದರೆ ಅದೇ ಸದ್ದು. ಕೊನೆಗೆ ತೊಂದರೆ ಸಿಕ್ಕಿದ್ದು ಹ್ಯಾಂಡಲ್ ಮೇಲೆ. ಕ್ಲಚ್ ಲಿವರಿನ ಬೋಲ್ಟ್ ಕೂರುವ ತೂತು ಸವೆದು ಮೊಟ್ಟೆಯಾಕಾರ ಆಗಿತ್ತು. ಲಿವರ್ ಪೂರ್ತಿ ಒತ್ತಿದರೂ ಕೇಬಲ್ ಎಳೆಯಬೇಕಾದಷ್ಟು ಎಳೆಯುತ್ತಿರಲಿಲ್ಲ.

ಕಳೆದದ್ದು ಬರೀ ಎರಡು ದಿನ ಅಲ್ಲ. ಜೋಡಿಸುವಾಗ ಒಂದು ತೆಳು ವಾಷರ್ ಜಾಗ ತಪ್ಪಿತ್ತು. ಅದಕ್ಕಾಗಿ ಮತ್ತೊಮ್ಮೆ ಬಿಚ್ಚಬೇಕಾಯಿತು. ಚೆನ್ನಾಗಿದ್ದ ಬಾಕ್ಸನ್ನು ಸುಮ್ನೆ ತೆರೆದರೆ ಹೊಸ ತೊಂದರೆ ಒಳಗೆ ಸೇರುತ್ತದೆ. ಅಲ್ಲಿಂದೀಚೆಗೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಹೊರಗಿನಿಂದ ಪರೀಕ್ಷೆ ಮಾಡಿ, ತಪ್ಪು ಒಳಗೇ ಇದೆ ಅಂತ ಖಚಿತವಾಗುವ ತನಕ ಬಾಕ್ಸಿಗೆ ಪಾನಾ ಹಾಕುವುದಿಲ್ಲ.

ಮೊದಲು ಬೈಕನ್ನು ಕೇಳಿ

"ಗೇರ್ ಸರಿ ಇಲ್ಲ" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಒಂದು ಚೀಟಿ ತೆಗೆದುಕೊಂಡು ಬರೆಯಿರಿ. ತೊಂದರೆ ಎಲ್ಲ ಗೇರಿನಲ್ಲೂ ಇದೆಯಾ, ಒಂದರಲ್ಲಿ ಮಾತ್ರವಾ? ಮೇಲೇರುವಾಗಲಾ, ಇಳಿಸುವಾಗಲಾ? ಎಂಜಿನ್ ತಣ್ಣಗಿದ್ದಾಗ ಜಾಸ್ತಿಯಾ, ಬಿಸಿಯಾದ ಮೇಲಾ? ನಿಂತಾಗಲಾ, ಓಡುವಾಗಲಾ? ಗೇರ್ ಬೀಳುವುದೇ ಇಲ್ಲವಾ, ಬಿದ್ದು ಮತ್ತೆ ಹಾರಿಬಿಡುತ್ತದಾ?

ಈ ಉತ್ತರಗಳೇ ಅರ್ಧ ಕೆಲಸ. ಎಲ್ಲ ಗೇರಿನಲ್ಲೂ ಇರುವ ತೊಂದರೆ ಸಾಮಾನ್ಯವಾಗಿ ಎಲ್ಲ ಗೇರಿಗೂ ಸಂಬಂಧಪಟ್ಟ ಭಾಗದಲ್ಲಿರುತ್ತದೆ. ಅಂದರೆ ಕ್ಲಚ್, ಗೇರ್ ಲಿವರ್, ಲಿವರನ್ನು ನಡುವಿಗೆ ತರುವ ಸ್ಪ್ರಿಂಗ್, ಎಣ್ಣೆ. ಒಂದೇ ಗೇರಿನಲ್ಲಿ ಇದ್ದರೆ ಆ ಗೇರಿನ ಡಾಗ್ (ಪಕ್ಕದ ಗೇರಿಗೆ ಕಚ್ಚಿಕೊಳ್ಳುವ ದಪ್ಪ ಹಲ್ಲು) ಅಥವಾ ಅದನ್ನು ಸರಿಸುವ ಫೋರ್ಕ್ ಮೇಲೆ ಅನುಮಾನ ಬರುತ್ತದೆ. ಬಿಸಿಯಾದ ಮೇಲೆ ಕೆಡುವುದಾದರೆ ಮೊದಲು ಕ್ಲಚ್ ನೋಡಿ. ಬಿಸಿಗೆ ಲೋಹ ಹಿಗ್ಗಿ ಕೇಬಲಿನ ಸಡಿಲ ಬದಲಾಗುತ್ತದೆ.

ಬೈಕ್ ನಿಮಗೆ ಹೊಸದಾಗಿದ್ದರೆ ಅದರ ಗೇರ್ ಕ್ರಮ ಮೊದಲು ತಿಳಿದುಕೊಳ್ಳಿ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಗೇರ್ ಬಲಗಾಲಿಗೆ. ಹಳೆಯ ಬುಲೆಟ್‌ನಲ್ಲಿ ಒಂದನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಜಾವಾದಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಅದೂ ಎಡಕ್ಕೆ. ಬುಲೆಟ್‌ನ ನಾಲ್ಕು ಗೇರಿನ ಹಳೆಯ ಬಾಕ್ಸಿನಲ್ಲಿ ನ್ಯೂಟ್ರಲ್‌ಗೆ ಅಂತಲೇ ಪ್ರತ್ಯೇಕ ಸಣ್ಣ ಲಿವರ್ ಇರುತ್ತದೆ. ಅದು ಎರಡು, ಮೂರು, ನಾಲ್ಕನೇ ಗೇರಿನಿಂದ ನ್ಯೂಟ್ರಲ್‌ಗೆ ತರುತ್ತದೆ. ಒಂದನೇ ಗೇರಿನಲ್ಲಿ ಅದನ್ನು ಎಷ್ಟು ತುಳಿದರೂ ಪ್ರಯೋಜನವಿಲ್ಲ. ಅದು ದೋಷ ಅಲ್ಲ, ಅದರ ವಿನ್ಯಾಸವೇ ಹಾಗೆ.

ಹಳೆಯ ಬಾಕ್ಸಿಗೆ ಅವಸರ ಆಗುವುದಿಲ್ಲ ಅನ್ನುವುದೂ ನೆನಪಿರಲಿ. ಇಂದಿನ ಬೈಕ್ ಓಡಿಸಿದ ಕಾಲು ಲಿವರನ್ನು ಥಟ್ಟನೆ ಒದೆಯುತ್ತದೆ. ಹಳೆಯದರಲ್ಲಿ ಕ್ಲಚ್ ಒತ್ತಿ, ಒಂದು ಕ್ಷಣ ತಡೆದು, ಲಿವರನ್ನು ಅದರ ಕೊನೆಯವರೆಗೆ ಒತ್ತಿ ಹಿಡಿದು ಬಿಡಬೇಕು.

ಎಂಜಿನ್ ಆಫ್ ಮಾಡಿ ಮಾಡುವ ಪರೀಕ್ಷೆ

ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಐದು ನಿಮಿಷ ಸಾಕು, ಏನೂ ಬಿಚ್ಚಬೇಕಿಲ್ಲ.

ಬೈಕನ್ನು ನಡುವಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಆಫ್ ಇರಲಿ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಚಕ್ರ ಹಗುರವಾಗಿ ತಿರುಗುತ್ತದೆ. ಒಂದು ಕೈಯಿಂದ ಹಿಂದಿನ ಚಕ್ರವನ್ನು ನಿಧಾನಕ್ಕೆ ಮುಂದಕ್ಕೂ ಹಿಂದಕ್ಕೂ ಆಡಿಸುತ್ತ, ಇನ್ನೊಂದು ಕೈಯಿಂದ ಗೇರ್ ಲಿವರ್ ಒತ್ತಿ. ಕಾಲು ಬೇಡ. ಕೈಗೆ ಗೊತ್ತಾಗುವಷ್ಟು ಕಾಲಿಗೆ ಗೊತ್ತಾಗುವುದಿಲ್ಲ. ಚಕ್ರ ಆಡಿಸದೆ ಒತ್ತಿದರೆ ಎರಡು ಡಾಗ್‌ಗಳ ತುದಿ ಎದುರುಬದುರಾಗಿ ತಡೆಯಬಹುದು. ಆಗ ಒಳ್ಳೆಯ ಬಾಕ್ಸ್ ಕೂಡ ಕೆಟ್ಟಂತೆ ಕಾಣುತ್ತದೆ.

ಎಲ್ಲ ಗೇರ್‌ಗಳೂ ಕ್ರಮವಾಗಿ ಬೀಳುತ್ತಿವೆಯಾ? ಪ್ರತಿ ಬಾರಿ ಲಿವರ್ ತಾನಾಗಿ ನಡುವಿಗೆ ಬರುತ್ತಿದೆಯಾ? ಇಳಿಸುವಾಗಲೂ ಹಾಗೇ ಆಗುತ್ತಿದೆಯಾ? ಇಷ್ಟೂ ಸರಿ ಇದ್ದು, ಎಂಜಿನ್ ಆನ್ ಮಾಡಿದಾಗ ಮಾತ್ರ ಕರಕರ ಅನ್ನುತ್ತಿದ್ದರೆ ಅನುಮಾನ ಕ್ಲಚ್ ಮೇಲೆ. ಆಫ್ ಇದ್ದಾಗಲೂ ಒಂದು ಗೇರ್ ಬೀಳದಿದ್ದರೆ ಲಿವರಿನಿಂದ ಒಳಗೆ ಹುಡುಕುತ್ತ ಹೋಗಬೇಕು.

ಕ್ಲಚ್ ಪೂರ್ತಿ ಬಿಡುತ್ತಿದೆಯೇ?

ಕ್ಲಚ್ ಲಿವರ್ ಒತ್ತಿದಾಗ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಸಂಬಂಧ ಪೂರ್ತಿ ಕಡಿಯಬೇಕು. ಸ್ವಲ್ಪ ಉಳಿದರೂ ಒಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ತಿರುಗುವ ಗೇರನ್ನು ನಿಂತ ಗೇರಿಗೆ ಸೇರಿಸುವಾಗ ಕರ್ರ್ ಅನ್ನುತ್ತದೆ. ಡಾಗ್‌ಗಳ ಮೇಲೆ ಎಳೆತ ಇರುವುದರಿಂದ ನ್ಯೂಟ್ರಲ್‌ಗೆ ಬಿಡಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಸಿಗ್ನಲ್ ಹತ್ತಿರ ಬೈಕ್ ಇನ್ನೂ ಉರುಳುತ್ತಿರುವಾಗ ನ್ಯೂಟ್ರಲ್ ಸುಲಭವಾಗಿ ಸಿಕ್ಕಿ, ಪೂರ್ತಿ ನಿಂತ ಮೇಲೆ ಸಿಗದಿದ್ದರೆ ಇದೇ ಕಾಯಿಲೆ.

ಖಚಿತ ಮಾಡಿಕೊಳ್ಳಲು ಎಂಜಿನ್ ಬಿಸಿಯಾದ ಮೇಲೆ ಬೈಕನ್ನು ಗಟ್ಟಿ ನೆಲದಲ್ಲಿ ನಡುವಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒಂದನೇ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿಯಿರಿ. ಹಿಂದಿನ ಚಕ್ರ ಸ್ವಲ್ಪ ತಿರುಗಿದರೆ ತಪ್ಪಿಲ್ಲ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳಿಗೆ ಅಷ್ಟು ಅಂಟು ಇದ್ದೇ ಇರುತ್ತದೆ. ಈಗ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಚಕ್ರ ನಿಂತು ಎಂಜಿನ್ ಸದ್ದು ಹಾಗೇ ಉಳಿದರೆ ಕ್ಲಚ್ ಚೆನ್ನಾಗಿದೆ. ಎಂಜಿನ್ ಕುಗ್ಗಿದರೆ ಅಥವಾ ಆಫ್ ಆದರೆ ಕ್ಲಚ್ ಬಿಡುತ್ತಿಲ್ಲ. ಚಕ್ರವನ್ನು ಕೈಯಿಂದಲೋ ಕಾಲಿನಿಂದಲೋ ನಿಲ್ಲಿಸಲು ಹೋಗಬೇಡಿ, ಬ್ರೇಕ್ ಇರುವುದೇ ಅದಕ್ಕೆ.

ಕ್ಲಚ್ ಬಿಡದಿದ್ದರೆ ಹ್ಯಾಂಡಲಿನಿಂದ ಶುರು ಮಾಡಿ. ಲಿವರಿನ ತೂತು, ಬೋಲ್ಟ್, ಕೇಬಲಿನ ತುದಿಯ ಗುಂಡು, ಮೂರನ್ನೂ ನೋಡಿ. ಯಾರಾದರೂ ಹಿಂದೆ ಲಿವರ್ ಬದಲಾಯಿಸಿದ್ದರೆ ಅಳತೆ ಮಾಡಿ. ಹಳೆಯ ಬ್ರಿಟಿಷ್ ಬೈಕುಗಳ ಲಿವರಿನಲ್ಲಿ ಬೋಲ್ಟಿನ ಮಧ್ಯದಿಂದ ಕೇಬಲ್ ಗುಂಡಿನ ಮಧ್ಯಕ್ಕೆ ಎರಡು ಅಳತೆಗಳು ಬರುತ್ತವೆ, ಸುಮಾರು 22 ಮಿ.ಮೀ. ಮತ್ತು ಸುಮಾರು 27 ಮಿ.ಮೀ. ನೋಡುವುದಕ್ಕೆ ಎರಡೂ ಒಂದೇ ಥರ. ಆದರೆ 27ರ ಜಾಗದಲ್ಲಿ 22 ಹಾಕಿದರೆ ಕೇಬಲ್ ಸುಮಾರು ಐದನೇ ಒಂದು ಭಾಗ ಕಡಿಮೆ ಎಳೆಯುತ್ತದೆ. ಕೈಗೆ ಹಗುರ ಅನ್ನಿಸುತ್ತದೆ, ಕ್ಲಚ್ ಮಾತ್ರ ಅರ್ಧಂಬರ್ಧ ಬಿಡುತ್ತದೆ.

ಆಮೇಲೆ ಕೇಬಲ್. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಲಿವರಿನ ಸಡಿಲ ನೋಡಿ. ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ತಪ್ಪು ದಾರಿಯಲ್ಲಿ ಬಂದಿದೆ. ಇನ್ನೊಬ್ಬರಿಗೆ ಲಿವರ್ ಒತ್ತಲು ಹೇಳಿ, ಕೇಬಲ್ ಉದ್ದಕ್ಕೂ ಬೆರಳು ಇಟ್ಟು ನೋಡಿ. ಹಳೆಯ ಕೇಬಲಿನ ಹೊರಕವಚ ಕುಗ್ಗುತ್ತದೆ, ಬಾಗಿದ ಕಡೆ ಉಬ್ಬುತ್ತದೆ. ನೀವು ಹಾಕಿದ ಬಲ ಅಲ್ಲೇ ಖರ್ಚಾಗುತ್ತದೆ. ಅಂಥ ಕೇಬಲನ್ನು ಅಡ್ಜಸ್ಟ್ ಮಾಡುತ್ತ ಕೂರಬೇಡಿ, ಬದಲಾಯಿಸಿ.

ಅಡ್ಜಸ್ಟ್ ಮಾಡುವುದಕ್ಕೂ ಒಂದು ಕ್ರಮ ಇದೆ. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ. ಮೊದಲು ಕೇಬಲ್ ಅಡ್ಜಸ್ಟರನ್ನು ಪೂರ್ತಿ ಸಡಿಲ ಬಿಡಿ. ನಂತರ ಕ್ಲಚ್ ಕಡೆಯ ಪುಶ್ ರಾಡ್ (ಪ್ಲೇಟುಗಳನ್ನು ತಳ್ಳಿ ಅಗಲಿಸುವ ಕಂಬಿ) ಸ್ಕ್ರೂ ಹಿಡಿಯಿರಿ. ಅದು ರಾಡನ್ನು ಮೆಲ್ಲಗೆ ಮುಟ್ಟುವ ತನಕ ಒಳಗೆ ತಿರುಗಿಸಿ, ಅಲ್ಲಿಂದ ಕಾಲು ಅಥವಾ ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ನಟ್ ಬಿಗಿ ಮಾಡಿ. ನಿಮ್ಮ ಬೈಕಿನ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಕೊನೆಯಲ್ಲಿ ಕೇಬಲ್ ಅಡ್ಜಸ್ಟರಿನಿಂದ ಹ್ಯಾಂಡಲಿನ ಲಿವರಿಗೆ 2ರಿಂದ 3 ಮಿ.ಮೀ. ಸಡಿಲ ಕೊಡಿ. ಪುಶ್ ರಾಡ್ ಸ್ಕ್ರೂ ಮುಟ್ಟದೆ ಬರೀ ಕೇಬಲ್ ಎಳೆದು ಬಿಗಿ ಮಾಡುತ್ತ ಹೋದರೆ ಬಾಕ್ಸ್ ಮೇಲಿನ ಕ್ಲಚ್ ತೋಳು ಓರೆಯಾಗುತ್ತದೆ. ಎಷ್ಟು ಎಳೆದರೂ ಪ್ಲೇಟುಗಳು ಸಾಕಷ್ಟು ಅಗಲುವುದಿಲ್ಲ.

ಎಷ್ಟು ಸಲ ಅಡ್ಜಸ್ಟ್ ಮಾಡಿದರೂ ಕೆಲವೇ ದಿನದಲ್ಲಿ ಸಡಿಲ ಜಾಸ್ತಿಯಾಗುತ್ತಿದ್ದರೆ ಪುಶ್ ರಾಡ್ ಹೊರತೆಗೆದು ನೋಡಿ. ತುದಿ ಮೆತ್ತಗಾಗಿ ಅಣಬೆಯ ಹಾಗೆ ಅರಳಿರುತ್ತದೆ. ರಾಡ್ ಎರಡು ತುಂಡಾಗಿ ಬರುವ ಬೈಕುಗಳಲ್ಲಿ ನಡುವೆ ಉಕ್ಕಿನ ಗೋಲಿ ಇರಬಹುದು. ಹಿಂದೆ ಕೆಲಸ ಮಾಡಿದವರು ಅದನ್ನು ಹಾಕಲು ಮರೆತಿದ್ದನ್ನೂ ನಾನು ಕಂಡಿದ್ದೇನೆ.

ಹಳೆಯ ಜಾವಾ, ಯೆಜ್ಡಿ ಬೈಕುಗಳಿಗೆ ಒಂದು ಮಾತು ಸೇರಿಸಬೇಕು. ಅವುಗಳಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುವ ಏರ್ಪಾಡು ಇದೆ. ಅಲ್ಲಿ ಸಡಿಲ ಜಾಸ್ತಿಯಾದರೆ ಕೈಯಲ್ಲಿ ಕ್ಲಚ್ ಒತ್ತದೆ ಗೇರ್ ಹಾಕಿದಾಗ ಕರಕರ ಅನ್ನುತ್ತದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ. ಆದ್ದರಿಂದ ಕೈಯಲ್ಲಿ ಕ್ಲಚ್ ಒತ್ತಿ ಒಮ್ಮೆ, ಒತ್ತದೆ ಒಮ್ಮೆ ಗೇರ್ ಹಾಕಿ ಹೋಲಿಸಿ.

ಪ್ಲೇಟುಗಳು

ತುಂಬ ದಿನ ನಿಂತ ಬೈಕಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಬೇರೆ ಬೇರೆ ಇರುವ ಹಳೆಯ ಬೈಕುಗಳಲ್ಲಿ ಕಿಕ್ ಹೊಡೆತ ಕ್ಲಚ್ ಮೂಲಕವೇ ಎಂಜಿನ್ನಿಗೆ ಹೋಗುತ್ತದೆ. ಅಂಥವುಗಳಲ್ಲಿ ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಒತ್ತಿ ಹಿಡಿದು ನಾಲ್ಕು ಕಿಕ್ ಹೊಡೆದರೆ ಪ್ಲೇಟುಗಳು ಬಿಡಿಸಿಕೊಳ್ಳುತ್ತವೆ. ಆಮೇಲೆ ಬಂದ ಅನೇಕ ಬೈಕುಗಳಲ್ಲಿ ಕಿಕ್ ಪ್ಲೇಟುಗಳು ಕೂರುವ ಕ್ಲಚ್ಚಿನ ಹೊರ ಬುಟ್ಟಿಯನ್ನೇ ನೇರ ತಿರುಗಿಸುತ್ತದೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಕೊನೆಯ ಗೇರ್ ಹಾಕಿ, ಕ್ಲಚ್ ಒತ್ತಿ, ಬೈಕನ್ನು ಹಿಂದೆ ಮುಂದೆ ತಳ್ಳಿ ಬಿಡಿಸಬೇಕು.

ಅಷ್ಟಕ್ಕೂ ಸರಿಹೋಗದಿದ್ದರೆ ಕ್ಲಚ್ ಕಡೆಯ ಕವರ್ ತೆಗೆಯಿರಿ. ಇದು ಗೇರ್ ಬಾಕ್ಸ್ ಬಿಚ್ಚಿದಂತೆ ಅಲ್ಲ, ಭಯ ಬೇಡ. ಕ್ಲಚ್ ಒತ್ತಿ ಹಿಡಿದು ಕಿಕ್ ಲಿವರ್ ಮೆಲ್ಲಗೆ ತುಳಿಯುತ್ತ ಪ್ರೆಷರ್ ಪ್ಲೇಟನ್ನೇ (ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವ ಹೊರಗಿನ ತಟ್ಟೆ) ನೋಡಿ. ಅದು ಸಮವಾಗಿ ಎದ್ದು ನೆಟ್ಟಗೆ ತಿರುಗಬೇಕು. ತಟ್ಟೆ ವಾಲಿದ ಹಾಗೆ ಒಂದು ಬದಿ ಜಾಸ್ತಿ ಏಳುತ್ತಿದ್ದರೆ ಸ್ಪ್ರಿಂಗುಗಳ ಬಿಗಿ ಸಮ ಇಲ್ಲ. ಕಡಿಮೆ ಎದ್ದ ಕಡೆಯ ಸ್ಪ್ರಿಂಗ್ ನಟ್ ಸ್ವಲ್ಪ ಸಡಿಲ ಮಾಡಿ, ಹೆಚ್ಚು ಎದ್ದ ಕಡೆಯದನ್ನು ಸ್ವಲ್ಪ ಬಿಗಿ ಮಾಡಿ, ಮತ್ತೆ ನೋಡಿ. ಹತ್ತು ಸಲ ಮಾಡಬೇಕಾದರೂ ಬೇಸರ ಬೇಡ. ಈ ಒಂದು ಕೆಲಸದಿಂದ ಹಳೆಯ ಬೈಕಿನ ಗೇರ್ ಬೆಣ್ಣೆಯ ಹಾಗೆ ಬಿದ್ದದ್ದು ನನ್ನ ಅನುಭವ. ಕೆಲವು ಬೈಕುಗಳಲ್ಲಿ ಈ ನಟ್‌ಗಳನ್ನು ಕೊನೆಯವರೆಗೆ ಬಿಗಿ ಮಾಡುವುದೇ ಕ್ರಮ, ಅಡ್ಜಸ್ಟ್ ಇರುವುದಿಲ್ಲ. ಅಲ್ಲಿ ಸ್ಪ್ರಿಂಗುಗಳ ಉದ್ದ ಅಳೆದು ಇಡೀ ಸೆಟ್ ಬದಲಾಯಿಸಿ.

ಪ್ಲೇಟುಗಳನ್ನು ಹೊರತೆಗೆದರೆ ಉಕ್ಕಿನ ಪ್ಲೇಟುಗಳನ್ನು ದಪ್ಪ ಗಾಜಿನ ಮೇಲೆ ಇಟ್ಟು ಅಂಚಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿ. ಬಾಗಿದ ಪ್ಲೇಟ್ ಅಲ್ಲೇ ಗೊತ್ತಾಗುತ್ತದೆ. ಬುಟ್ಟಿಯ ಸೀಳುಗಳ ಅಂಚಿನಲ್ಲಿ ಬೆರಳು ಆಡಿಸಿ. ಪ್ಲೇಟಿನ ಕಿವಿಗಳು ಹೊಡೆದು ಹೊಡೆದು ಅಲ್ಲಿ ಕಚ್ಚು ಬಿದ್ದಿರುತ್ತದೆ. ಪ್ಲೇಟು ಆ ಕಚ್ಚಿನಲ್ಲಿ ಸಿಕ್ಕಿಕೊಂಡು ಜಾರುವುದಿಲ್ಲ. ಕಚ್ಚು ಆಳವಿಲ್ಲದಿದ್ದರೆ ಸಣ್ಣ ಅರದಿಂದ ನೆಟ್ಟಗೆ ಉಜ್ಜಿ ಸರಿ ಮಾಡಬಹುದು. ಆಳವಿದ್ದರೆ ಬುಟ್ಟಿಯೇ ಹೊಸದಾಗಬೇಕು.

ಎಣ್ಣೆ ಬಗ್ಗೆ ಚಿಕ್ಕದಾಗಿ. ಎಣ್ಣೆಯಲ್ಲಿ ಮುಳುಗುವ ಕ್ಲಚ್ಚಿಗೆ ಜಾಸೋ ಎಂಎ (ಅಂಥ ಕ್ಲಚ್ಚಿಗೆ ಹೊಂದುವ ಎಣ್ಣೆಯ ದರ್ಜೆ) ಗುರುತಿನ ಬೈಕ್ ಎಣ್ಣೆ ಹಾಕಿ. ಕಾರಿಗೆಂದು ಮಾಡಿದ, ಜಾರುವಿಕೆ ಹೆಚ್ಚಿಸುವ ಎಣ್ಣೆ ಬೇಡ. ಬೇಕಾದ್ದಕ್ಕಿಂತ ದಪ್ಪ ಎಣ್ಣೆ ಹಾಕಿದರೆ ಪ್ಲೇಟುಗಳು ಅಂಟುತ್ತವೆ. ಗೇರ್ ಬಾಕ್ಸ್ ಪ್ರತ್ಯೇಕ ಇರುವ ಬೈಕಿಗೆ ಗೇರ್ ಎಣ್ಣೆ ಹಾಕುವುದಾದರೆ ಡಬ್ಬಿಯ ಮೇಲೆ ಜಿಎಲ್-4 ಅನ್ನುವ ದರ್ಜೆ ನೋಡಿ. ಹಳೆಯ ಬಾಕ್ಸಿನಲ್ಲಿ ಕಂಚಿನ ಬುಷ್‌ಗಳಿರುತ್ತವೆ (ತಿರುಗುವ ಭಾಗ ಕೂರುವ ಬಳೆಗಳು), ಜಿಎಲ್-5 ಎಣ್ಣೆಯಲ್ಲಿರುವ ಗಂಧಕದ ಅಂಶ ಅವುಗಳಿಗೆ ಒಳ್ಳೆಯದಲ್ಲ.

ಲಿವರ್, ಸ್ಪ್ರಿಂಗ್

ಗೇರ್ ಲಿವರಿನ ಮೇಲೂ ಅದು ಕೂರುವ ಶಾಫ್ಟಿನ ತುದಿಯ ಮೇಲೂ ಬಣ್ಣದಿಂದ ಒಂದೇ ನೇರ ಗೆರೆ ಎಳೆಯಿರಿ. ಸ್ವಲ್ಪ ಓಡಿಸಿ ಬಂದು ನೋಡಿ. ಗೆರೆ ತಪ್ಪಿದ್ದರೆ ಲಿವರಿನ ಒಳಹಲ್ಲು ಸವೆದು ಜಾರುತ್ತಿದೆ. ಬೈಕ್ ಎಂದಾದರೂ ಬಿದ್ದಿದ್ದರೆ ಶಾಫ್ಟ್ ಬಾಗಿದೆಯೇ ಅಂತಲೂ ನೋಡಿ. ಲಿವರ್ ಫುಟ್‌ರೆಸ್ಟಿಗೋ ಕವರಿಗೋ ತಗಲಿ ಪೂರ್ತಿ ಚಲಿಸದೆ ಇರಬಹುದು. ಗೇರನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸಿದ ಬೈಕುಗಳಲ್ಲಿ ನಡುವಿನ ಕೀಲುಗಳೆಲ್ಲ ಸೇರಿ ತುಂಬ ಸಡಿಲ ಆಗಿರುತ್ತದೆ, ಒಂದೊಂದನ್ನೇ ಅಲ್ಲಾಡಿಸಿ ನೋಡಬೇಕು.

ಒಮ್ಮೆ ಗೇರ್ ಹಾಕಿದ ಮೇಲೆ ಲಿವರ್ ಅಲ್ಲೇ ಉಳಿದು, ಕಾಲಿನಿಂದ ವಾಪಸ್ ತಂದರೆ ಮಾತ್ರ ಮುಂದಿನ ಗೇರ್ ಬೀಳುತ್ತದೆ ಅಂದರೆ ನಡುವಿಗೆ ತರುವ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಶಾಫ್ಟ್ ಜಿಗುಟಾಗಿದೆ. ಮೇಲಿನ ಗೇರುಗಳೆಲ್ಲ ಬಿದ್ದು ಇಳಿಸುವಾಗ ಮಾತ್ರ ತಪ್ಪಿದರೆ, ಅಥವಾ ಅದರ ಉಲ್ಟಾ ಆದರೆ, ಲಿವರ್ ಒತ್ತಿದಾಗಲೆಲ್ಲ ಒಂದೊಂದೇ ಗೇರ್ ಸರಿಸುವ ರ್‍ಯಾಚೆಟ್ಟಿನ ಕೊಕ್ಕೆ ಸವೆದಿರಬಹುದು. ಕೆಲವು ಹಳೆಯ ಬಾಕ್ಸುಗಳಲ್ಲಿ ರ್‍ಯಾಚೆಟ್ ಎಷ್ಟು ದೂರ ಹೋಗಬೇಕು ಅಂತ ನಿರ್ಧರಿಸುವ ಒಂದು ಪ್ಲೇಟ್ ಇರುತ್ತದೆ. ಅದರ ನಟ್ ಸಡಿಲಿಸಿ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿದರೆ ಎರಡು ಕಡೆಯ ಚಲನೆ ಸಮವಾಗುತ್ತದೆ. ಸರಿಸುವ ಮೊದಲು ಇದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಈ ಕೆಲಸಗಳೆಲ್ಲ ಹೆಚ್ಚಾಗಿ ಹೊರ ಕವರಿನಲ್ಲೇ ಮುಗಿಯುತ್ತವೆ.

ಗೇರ್ ಹಾರುವುದು

ಓಡುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ ಹಾಗಾದರೆ ಜೀವಕ್ಕೇ ಅಪಾಯ.

ಖಾಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಪರೀಕ್ಷೆ ಮಾಡಿ. ಆಕ್ಸಿಲರೇಟರ್ ಕೊಟ್ಟಾಗ ಹಾರುತ್ತದಾ, ಬಿಟ್ಟಾಗ ಹಾರುತ್ತದಾ? ಡಾಗ್‌ನ ಒಂದು ಮುಖ ಎಳೆಯುವಾಗ ಕೆಲಸ ಮಾಡುತ್ತದೆ, ಇನ್ನೊಂದು ಮುಖ ಎಂಜಿನ್ ತಡೆಯುವಾಗ. ಹಾಗಾಗಿ ಯಾವ ಮುಖ ಸವೆದಿದೆ ಅಂತ ಇದರಿಂದಲೇ ತಿಳಿಯುತ್ತದೆ. ಮತ್ತೆ ಅದೇ ಗೇರ್ ಹಾಕಿ, ಕಾಲನ್ನು ಲಿವರಿನ ಮೇಲೆ ಮೆಲ್ಲಗೆ ಇಟ್ಟು ಹಿಡಿಯಿರಿ. ಸ್ವಲ್ಪ ಹಿಡಿದರೆ ಸಾಕು, ಹಾರುವುದಿಲ್ಲ ಅಂದರೆ ಗೇರನ್ನು ಜಾಗದಲ್ಲಿ ಹಿಡಿಯುವ ಸಣ್ಣ ಮೊಳೆ ಮತ್ತು ಅದರ ಸ್ಪ್ರಿಂಗ್ ಮೇಲೆ ಅನುಮಾನ. ಕಾಲನ್ನೇ ತಳ್ಳಿಕೊಂಡು ಹಾರಿದರೆ ಡಾಗ್‌ಗಳ ಮೂಲೆ ದುಂಡಗಾಗಿ ಒಂದನ್ನೊಂದು ಹೊರಗೆ ನೂಕುತ್ತಿವೆ, ಅಥವಾ ಫೋರ್ಕ್ ಸವೆದು ಡಾಗ್ ಪೂರ್ತಿ ಒಳಗೆ ಹೋಗುತ್ತಿಲ್ಲ.

ಅನೇಕ ಬೈಕುಗಳಲ್ಲಿ ಆ ಮೊಳೆ ಮತ್ತು ಸ್ಪ್ರಿಂಗ್ ಹೊರಗಿನ ಒಂದು ನಟ್ ಬಿಚ್ಚಿದರೆ ಕೈಗೆ ಬರುತ್ತವೆ. ಶುಚಿ ಮಾಡಿ, ಸ್ಪ್ರಿಂಗಿನ ಉದ್ದವನ್ನು ಹೊಸದರ ಜೊತೆ ಹೋಲಿಸಿ. ಹಳೆಯ ಸ್ಪ್ರಿಂಗನ್ನು ಎಳೆದು ಉದ್ದ ಮಾಡಬೇಡಿ, ಅದು ಮತ್ತೆ ಕುಗ್ಗುತ್ತದೆ.

ಲಿವರನ್ನು ಕಾಲಲ್ಲಿ ಒತ್ತಿ ಹಿಡಿದುಕೊಂಡೇ ತಿಂಗಳುಗಟ್ಟಲೆ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಫೋರ್ಕ್ ಸದಾ ಉಜ್ಜಿ ಬಿಸಿಯಾಗುತ್ತದೆ, ಬಾಗುತ್ತದೆ. ಒಂದು ಗೇರಿನ ತೊಂದರೆ ಎರಡಕ್ಕೆ ಹಬ್ಬುತ್ತದೆ.

ಇನ್ನು ಒಳಗೆ

ಬಿಚ್ಚುವ ಮೊದಲು ಕೊನೆಯ ಸಾಕ್ಷಿ ಎಣ್ಣೆ. ಬಿಸಿ ಇರುವಾಗಲೇ ಶುಚಿಯಾದ ತಟ್ಟೆಗೆ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ ಸವೆತ. ಹಳದಿ ಹೊಳಪು ಕಂಡರೆ ಬುಷ್ ಸವೆಯುತ್ತಿದೆ. ಮೂಲೆ ಇರುವ ಉಕ್ಕಿನ ಚೂರು ಸಿಕ್ಕರೆ ಡಾಗ್ ಅಥವಾ ಹಲ್ಲು ಮುರಿದಿದೆ. ಚೂರು ಕಂಡ ಬೈಕನ್ನು ಮನೆತನಕ ಕೂಡ ಓಡಿಸಬೇಡಿ. ಆ ಚೂರು ಎರಡು ಗೇರುಗಳ ನಡುವೆ ಸಿಕ್ಕಿದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳಬಹುದು.

ಈಗ ಬಾಕ್ಸ್ ತೆರೆಯಬಹುದು, ಯಾಕೆಂದರೆ ಏನು ಹುಡುಕಬೇಕು ಅಂತ ನಿಮಗೆ ಗೊತ್ತು. ಪ್ರತಿ ಹೆಜ್ಜೆಗೂ ಫೋಟೋ ತೆಗೆಯಿರಿ. ಶಾಫ್ಟಿನಿಂದ ಬಂದ ಗೇರು, ವಾಷರುಗಳನ್ನು ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಡಿ. ಡಾಗ್ ಬದಲಾಯಿಸುವುದಾದರೆ ಜೋಡಿಯಾಗಿಯೇ ಬದಲಾಯಿಸಿ. ಸವೆದದ್ದರ ಎದುರು ಹೊಸದನ್ನು ಹಾಕಿದರೆ ಹೊಸದೂ ಬೇಗ ದುಂಡಗಾಗುತ್ತದೆ. ಫೋರ್ಕ್ ಕಾಲುಗಳ ದಪ್ಪ ಅಳೆಯಿರಿ. ಒಂದು ಕಾಲು ಮಾತ್ರ ನೀಲಿಗಟ್ಟಿ ಸವೆದಿದ್ದರೆ ಫೋರ್ಕ್ ಬಾಗಿದೆ. ಹಳೆಯ ಸರ್ಕ್ಲಿಪ್‌ಗಳನ್ನು (ಗೇರನ್ನು ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆಗಳು) ಮತ್ತೆ ಹಾಕಬೇಡಿ.

ಜೋಡಿಸುವಾಗ ಎಡವುವ ಜಾಗ ಕ್ಯಾಮ್ ಪ್ಲೇಟ್, ಅಂದರೆ ತಿರುಗಿ ಫೋರ್ಕ್‌ಗಳನ್ನು ಸರಿಸುವ ತಟ್ಟೆ. ಲಿವರ್ ಕಡೆಯ ಹಲ್ಲಿನ ಭಾಗ ಅದಕ್ಕೆ ಸರಿಯಾದ ಹಲ್ಲಿನಲ್ಲೇ ಕೂರಬೇಕು. ಒಂದು ಹಲ್ಲು ತಪ್ಪಿದರೂ ಒಂದನೇ ಗೇರೋ ಕೊನೆಯ ಗೇರೋ ಸಿಗುವುದಿಲ್ಲ. ಹಿಂದೆ ಯಾರೋ ಬಿಚ್ಚಿ ಜೋಡಿಸಿದ ಮೇಲೆ ಒಂದು ಗೇರ್ ಕಾಣೆಯಾಗಿದೆ ಅಂತ ಗೊತ್ತಾದರೆ ನಾನು ಮೊದಲು ನೋಡುವುದು ಇದನ್ನೇ.

ಹೊರ ಕವರ್ ಹಾಕುವ ಮೊದಲು, ಗ್ಯಾಸ್ಕೆಟ್ಟಿಗೆ ಅಂಟು ಹಚ್ಚುವ ಮೊದಲು, ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಎಲ್ಲ ಗೇರುಗಳನ್ನೂ ಮೇಲೆ ಕೆಳಗೆ ಮೂರು ಸಲ ಹಾಕಿ ನೋಡಿ. ಪ್ರತಿ ಗೇರಿನಲ್ಲೂ ಡಾಗ್ ಎಷ್ಟು ಒಳಗೆ ಹೋಗಿದೆ ಅಂತ ಟಾರ್ಚ್ ಹಾಕಿ ಕಣ್ಣಾರೆ ನೋಡಿ. ಒಂದರಲ್ಲಿ ಅರ್ಧ ಮಾತ್ರ ಹೋಗುತ್ತಿದ್ದರೆ ಕವರ್ ಪಕ್ಕಕ್ಕಿಟ್ಟು ಫೋರ್ಕ್ ಮತ್ತು ವಾಷರುಗಳಿಗೆ ವಾಪಸ್ ಹೋಗಿ. ಎಲ್ಲ ಸರಿ ಇದ್ದರೆ ಕವರ್ ಮುಚ್ಚಿ, ಎಣ್ಣೆ ತುಂಬಿ, ಕ್ಲಚ್ಚನ್ನು ಮೇಲೆ ಹೇಳಿದ ಕ್ರಮದಲ್ಲಿ ಮೊದಲಿನಿಂದ ಅಡ್ಜಸ್ಟ್ ಮಾಡಿ. ಬೈಕ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ ಬಂದು ಲಿವರಿನ ಸಡಿಲವನ್ನು ಇನ್ನೊಮ್ಮೆ ಅಳೆಯಿರಿ.